ಗೋಡೆ ಕೆಡವದೆ ಕೋಟೆ ಹೊಕ್ಕ ವೈರಸ್: ಎಚ್‌ಐವಿಯೇ ಔಷಧ ಹೊರುವ ಗಾಡಿಯಾದ ಕಥೆ

ಎಚ್‌ಐವಿ ಎಂಬ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಊರುಗಳಲ್ಲಿ ಮಾತಿನ ದನಿ ತಗ್ಗುತ್ತದೆ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದವು. ಅಲ್ಲಿಂದ ಮುಂದೆ ಆ ಹೆಸರು ಗೋಡೆ ಬರಹವಾಗಿ, ಬೀದಿ ನಾಟಕವಾಗಿ ಹಳ್ಳಿಹಳ್ಳಿಗೂ ಬಂತು. ಬಾಗಲಕೋಟೆ, ಬೆಳಗಾವಿ ಸೀಮೆಯ ಎಷ್ಟೋ ಮನೆಗಳಿಗೆ ಅದು ಬರೀ ಪ್ರಚಾರದ ಮಾತಾಗಿರಲಿಲ್ಲ, ಸಾವಿನ ಸುದ್ದಿಯೇ ಆಗಿತ್ತು.

ಅದೇ ವೈರಸ್ಸಿನ ಮೈಯ ಭಾಗಗಳನ್ನು ಬಳಸಿ ಮಾಡಿದ ಚಿಕಿತ್ಸೆ ಈಗ ಬೆಂಗಳೂರು, ಮುಂಬೈ, ವೆಲ್ಲೂರಿನ ಆಸ್ಪತ್ರೆಗಳಿಗೆ ಬಂದಿದೆ. ರಕ್ತದ ಕ್ಯಾನ್ಸರ್ ಇರುವವರಿಗೆ, ಹಿಮೋಫಿಲಿಯಾ ಇರುವವರಿಗೆ ಅದನ್ನು ಕೊಟ್ಟಿದ್ದಾರೆ. ನಾಳೆ ನಮ್ಮ ತಾಲ್ಲೂಕಿನ ಯಾವುದೋ ಮನೆಯವರ ಕೈಗೆ ಆಸ್ಪತ್ರೆಯ ಒಪ್ಪಿಗೆ ಪತ್ರ ಬರಬಹುದು. ಅದರಲ್ಲಿ 'ಲೆಂಟಿವೈರಸ್' ಎಂಬ ಪದ ಇರುತ್ತದೆ. ಯಾರೋ ಒಬ್ಬರು ಮೊಬೈಲ್‌ನಲ್ಲಿ ಹುಡುಕಿ, 'ಅಯ್ಯೋ, ಇದು ಎಚ್‌ಐವಿ ಕಣ್ರೀ' ಎನ್ನುತ್ತಾರೆ. ಆಗ ಆ ಮನೆಯವರಿಗೆ ನಿಜ ಗೊತ್ತಿರಬೇಕು. ಅದಕ್ಕಾಗಿ ಈ ಇತಿಹಾಸವನ್ನು ನಾವು ಮೊದಲಿನಿಂದ ಹೇಳುತ್ತೇವೆ.

ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ

ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಲ್ಲಿ ಇಡುತ್ತದೆ. ಕಾಗೆ ತನ್ನದೇ ಎಂದುಕೊಂಡು ಕಾವು ಕೊಡುತ್ತದೆ. ರೆಟ್ರೋವೈರಸ್ ಎಂಬ ಜಾತಿಯ ವೈರಸ್ಸುಗಳ ಕಸುಬೂ ಇದೇ.

ನಮ್ಮ ಮೈಯ ಹೆಚ್ಚುಕಮ್ಮಿ ಪ್ರತಿ ಜೀವಕೋಶದ ನಡುವೆ ನ್ಯೂಕ್ಲಿಯಸ್ ಎಂಬ ಕೋಣೆ ಇದೆ. ಅದರೊಳಗೆ ಡಿಎನ್‌ಎ ಇದೆ. ಮೈ ಹೇಗೆ ಕಟ್ಟಬೇಕು, ರಕ್ತ ಹೇಗೆ ಮಾಡಬೇಕು ಎಂಬ ಬರಹವೆಲ್ಲ ಆ ಡಿಎನ್‌ಎಯಲ್ಲಿ ಇದೆ. ಒಂದೊಂದು ಕೆಲಸದ ಬರಹಕ್ಕೆ ಒಂದೊಂದು ಜೀನ್ ಎನ್ನುತ್ತಾರೆ. ರೆಟ್ರೋವೈರಸ್ ಕೋಶದೊಳಗೆ ಬಂದು, ತನ್ನ ಜೀನ್‌ಗಳನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡಿ, ಕೋಶದ ಡಿಎನ್‌ಎಗೆ ಹೊಲಿದುಬಿಡುತ್ತದೆ. ಆಮೇಲೆ ಕೋಶ ಅದನ್ನು ತನ್ನದೇ ಬರಹ ಎಂದುಕೊಂಡು ಓದುತ್ತದೆ. ಕೋಶ ಒಡೆದು ಎರಡಾದರೆ ಆ ಹೊಲಿಗೆಯೂ ಎರಡಾಗುತ್ತದೆ.

ಈ ಜಾತಿಯ ವೈರಸ್ ಮೊದಲು ಹೆಸರು ಮಾಡಿದ್ದು ಕೋಳಿಯಿಂದ. 1911ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್, ಒಂದು ಕೋಳಿಯ ಗೆಡ್ಡೆಯನ್ನು ಅರೆದು ಸೋಸಿದ ರಸದಿಂದ ಇನ್ನೊಂದು ಕೋಳಿಗೆ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದರು. ಬಹಳ ಜನ ನಂಬಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಳೆದ ಮೇಲೆ. ಈ ವೈರಸ್ಸುಗಳು ತಮ್ಮ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸುವ ಗುಟ್ಟನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಕಂಡುಹಿಡಿದರು. 1975ರಲ್ಲಿ ಅವರಿಗೂ ನೊಬೆಲ್ ಸಂದಿತು.

ಅಲ್ಲಿಗೆ ಒಂದು ಆಸೆ ಹುಟ್ಟಿತು. ಕೆಲವು ಮಕ್ಕಳು ಒಂದೇ ಒಂದು ಜೀನ್ ಕೆಟ್ಟು ಹುಟ್ಟುತ್ತಾರೆ. ಕೋಗಿಲೆ ಮೊಟ್ಟೆಯ ಜಾಗದಲ್ಲಿ ಒಂದು ಒಳ್ಳೆಯ ಜೀನ್ ಇಟ್ಟು ಕಳಿಸಿದರೆ? ವೈರಸ್ಸನ್ನೇ ಗಾಡಿ ಮಾಡಿ ಔಷಧದ ಮೂಟೆ ಹೇರಿದರೆ?

ಮೂಟೆಗೆ ಕಟ್ಟಿದ ಚೀಟಿ

1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಮನ್, ರಿಚರ್ಡ್ ಮಲ್ಲಿಗನ್ ಮತ್ತು ಬಾಲ್ಟಿಮೋರ್ ಇದಕ್ಕೊಂದು ಒಳ್ಳೆಯ ಉಪಾಯ ಮಾಡಿದರು. ವೈರಸ್ ಕಟ್ಟುವಾಗ ಯಾವ ಬರಹವನ್ನು ಒಳಗೆ ತುಂಬಬೇಕು ಎಂದು ತಿಳಿಯಲು ಅದರ ಜೀನ್‌ಗಳ ಮೇಲೆ ಒಂದು ಗುರುತು ಇರುತ್ತದೆ. ಲಾರಿ ಆಫೀಸಿನಲ್ಲಿ ಮೂಟೆಗೆ ಕಟ್ಟುವ ಚೀಟಿಯಂತೆ. ಚೀಟಿ ಇದ್ದ ಮೂಟೆ ಮಾತ್ರ ಲಾರಿ ಹತ್ತುತ್ತದೆ.

ಇವರು ವೈರಸ್ಸಿನ ಸ್ವಂತ ಜೀನ್‌ಗಳಿಂದ ಆ ಚೀಟಿ ಕಿತ್ತುಹಾಕಿದರು. ಔಷಧದ ಜೀನ್‌ಗೆ ಚೀಟಿ ಕಟ್ಟಿದರು. ಎರಡನ್ನೂ ಒಂದೇ ಕೋಶದಲ್ಲಿ ಇಟ್ಟಾಗ, ವೈರಸ್ಸಿನ ಜೀನ್‌ಗಳು ಲಾರಿ ಕಟ್ಟಿದವು, ಆದರೆ ಹತ್ತಿ ಕೂತದ್ದು ಔಷಧದ ಜೀನ್ ಮಾತ್ರ. ಹೀಗೆ ಹೊರಟ ಗಾಡಿ ಒಂದು ಕೋಶಕ್ಕೆ ಮೂಟೆ ಇಳಿಸಿದ ಮೇಲೆ ಮತ್ತೊಂದು ಗಾಡಿ ಹುಟ್ಟಿಸಲಾರದು. ಒಂದೇ ಸುತ್ತಿನ ಪ್ರಯಾಣ.

ಇದಕ್ಕೆ ಬಳಸಿದ್ದು ಸುಂಡಿಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್. ಮುಂದೆ ಇದನ್ನು ಸುಂಡಿಲಿ ವೈರಸ್ ಎಂದೇ ಕರೆಯೋಣ. 1990ರ ಸೆಪ್ಟೆಂಬರ್ 14ರಂದು ಅಮೆರಿಕದ ಬೆಥೆಸ್ಡಾದಲ್ಲಿ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ್ದ ನಾಲ್ಕು ವರ್ಷದ ಹುಡುಗಿಗೆ ಅದೇ ಗಾಡಿಯಿಂದ ಚಿಕಿತ್ಸೆ ಮಾಡಿದರು. ಅವಳದೇ ಬಿಳಿ ರಕ್ತಕಣ ತೆಗೆದು, ಹೊರಗೆ ಜೀನ್ ಸೇರಿಸಿ, ವಾಪಸ್ ಕೊಟ್ಟರು. ಹುಡುಗಿ ಬದುಕಿದಳು. ಆದರೆ ಜೊತೆಯಲ್ಲೇ ಬೇರೆ ಔಷಧವೂ ನಡೆಯುತ್ತಿದ್ದರಿಂದ, ಗುಣ ಎಷ್ಟು ಪಾಲು ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು.

ಓಬವ್ವನ ಕಿಂಡಿ

ಅದೇ ಹೊತ್ತಿಗೆ ಒಂದು ತೊಡಕು ಎಲ್ಲರಿಗೂ ಸ್ಪಷ್ಟವಾಗುತ್ತಿತ್ತು. ಸುಂಡಿಲಿ ವೈರಸ್ ಎಲ್ಲ ಕೋಶಕ್ಕೂ ಹೋಗುತ್ತಿರಲಿಲ್ಲ.

ನ್ಯೂಕ್ಲಿಯಸ್‌ಗೆ ಕೋಟೆಯಂತೆ ಸುತ್ತ ಗೋಡೆ ಇದೆ. ಕೋಶ ಒಡೆದು ಎರಡಾಗುವಾಗ ಮಾತ್ರ ಆ ಗೋಡೆ ಸ್ವಲ್ಪ ಹೊತ್ತು ಕರಗುತ್ತದೆ, ಆಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಸುಂಡಿಲಿ ವೈರಸ್ ಕೋಶದೊಳಗೆ ಬಂದು ಗೋಡೆಯ ಹೊರಗೇ ಕಾದು ಕೂರುತ್ತದೆ. ಗೋಡೆ ಕರಗಿದರೆ ಒಳಗೆ. ಕರಗದಿದ್ದರೆ ಅಲ್ಲೇ ಸವೆದು ಹೋಗುತ್ತದೆ. ಒಡೆಯುತ್ತಿರುವ ಕೋಶಕ್ಕೆ ಮಾತ್ರ ಈ ಗಾಡಿ ಜೀನ್ ಮುಟ್ಟಿಸುತ್ತದೆ ಎಂದು 1990ರಲ್ಲಿ ಡಸ್ಟಿ ಮಿಲ್ಲರ್ ತಂಡ ಬರೆಯಿತು. ನಂತರದ ಮೂರು ನಾಲ್ಕು ವರ್ಷಗಳಲ್ಲಿ ಬೇರೆ ಪ್ರಯೋಗಾಲಯಗಳೂ ಅದನ್ನೇ ಕಂಡವು.

ಇದು ಸಣ್ಣ ತೊಡಕಲ್ಲ. ಬೆಳೆದ ಮನುಷ್ಯನ ಮೆದುಳಿನ ನರಕೋಶಗಳು ಹೆಚ್ಚುಕಮ್ಮಿ ಒಡೆಯುವುದೇ ಇಲ್ಲ. ಹೃದಯದ ಸ್ನಾಯುವೂ ಹಾಗೇ. ಎಲ್ಲಕ್ಕಿಂತ ಮುಖ್ಯ, ಮೂಳೆಯ ಮಜ್ಜೆಯಲ್ಲಿ ರಕ್ತದ ಬೀಜದಂತಿರುವ ಕಾಂಡಕೋಶಗಳಿವೆ. ಜೀವನಪೂರ್ತಿ ರಕ್ತ ಹುಟ್ಟಿಸುವ ಆ ಕೋಶಗಳು ಬಹುಪಾಲು ಕಾಲ ನಿದ್ದೆಯಲ್ಲಿರುತ್ತವೆ, ಅಪರೂಪಕ್ಕೆ ಒಡೆಯುತ್ತವೆ. ಒಂದು ಸಲ ಜೀನ್ ಸರಿಮಾಡಿ ಜೀವನಪೂರ್ತಿ ಫಲ ಬೇಕಿದ್ದರೆ ತಲುಪಬೇಕಾದದ್ದು ಅವುಗಳನ್ನೇ. ಗಾಡಿ ಅಲ್ಲಿಗೇ ಹೋಗುತ್ತಿಲ್ಲ.

ಚಿತ್ರದುರ್ಗದ ಕಥೆ ನಮಗೆಲ್ಲ ಗೊತ್ತು. ಹೈದರಾಲಿಯ ದಂಡಿಗೆ ಕೋಟೆಯ ಗೋಡೆ ಕೆಡವಲು ಆಗಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದದ್ದು ಬಂಡೆಗಳ ನಡುವಿನ ಒಂದು ಕಿಂಡಿ. ಒಬ್ಬೊಬ್ಬರಾಗಿ ನುಸುಳಿದರು, ಒಳಗೆ ಓಬವ್ವ ಒನಕೆ ಹಿಡಿದು ನಿಂತಿದ್ದಳು. ನ್ಯೂಕ್ಲಿಯಸ್‌ನ ಗೋಡೆಯಲ್ಲೂ ಕಿಂಡಿಗಳಿವೆ. ಕೋಶದ ಸ್ವಂತ ಸಾಮಾನು ಅಲ್ಲಿಂದಲೇ ಹೋಗಿ ಬರುತ್ತದೆ, ಬೇರೆಯವರಿಗೆ ಕಾವಲು ಇದೆ. ಆ ಕಾವಲು ದಾಟಿ ಕಿಂಡಿಯಲ್ಲಿ ನುಸುಳುವ ರೆಟ್ರೋವೈರಸ್ ಯಾವುದಾದರೂ ಇದೆಯೇ?

ಇತ್ತು. ಅದರ ಹೆಸರು ಎಚ್‌ಐವಿ.

ಕುರಿಯಿಂದ ಮನುಷ್ಯನವರೆಗೆ

ರೆಟ್ರೋವೈರಸ್ಸುಗಳಲ್ಲಿ ಲೆಂಟಿವೈರಸ್ ಎಂಬ ಒಂದು ಒಳಪಂಗಡ ಇದೆ. ಲ್ಯಾಟಿನ್ ಭಾಷೆಯಲ್ಲಿ 'ಲೆಂಟಸ್' ಎಂದರೆ ನಿಧಾನ. ಈ ಪಂಗಡದ ಪರಿಚಯ ಆದದ್ದು ಕುರಿ ಹಟ್ಟಿಯಲ್ಲಿ. 1933ರಲ್ಲಿ ಐಸ್‌ಲ್ಯಾಂಡ್ ದೇಶದವರು ಜರ್ಮನಿಯಿಂದ ಕರಕುಲ್ ತಳಿಯ ಕುರಿ ತರಿಸಿದರು. ಅವುಗಳ ಜೊತೆ ರೋಗವೂ ಬಂತು. ಉಸಿರು ಕಟ್ಟಿಸುವ ಒಂದು ರೋಗ, ಕಾಲಿನ ಬಲ ಕಳೆಯುವ ಇನ್ನೊಂದು. ತಗುಲಿದ ಎಷ್ಟೋ ಕಾಲದ ಮೇಲೆ ಕಾಣಿಸಿಕೊಂಡು ಮೆಲ್ಲಗೆ ಕೊಲ್ಲುತ್ತಿದ್ದವು. ತಡೆಯಲು ಹಿಂಡು ಹಿಂಡೇ ಕೊಲ್ಲಬೇಕಾಯಿತು. ಇವು 'ನಿಧಾನದ ವೈರಸ್' ಎಂದು 1954ರಲ್ಲಿ ಅಲ್ಲಿನ ವಿಜ್ಞಾನಿ ಬ್ಯೋರ್ನ್ ಸಿಗುರ್ಡ್‌ಸನ್ ಹೇಳಿದರು.

1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ ಸಿನೂಸಿ, ಲುಕ್ ಮೊಂಟನಿಯೆ ತಂಡ ಏಡ್ಸ್ ರೋಗಕ್ಕೆ ಕಾರಣವಾದ ವೈರಸ್ ಕಂಡಿತು. ಅದೂ ಇದೇ ನಿಧಾನದ ಪಂಗಡದ್ದು. 1990ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಐವಿ ಬಗ್ಗೆ ಒಂದು ವಿಷಯ ಗೊತ್ತಾಯಿತು. ರೋಗಾಣು ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳು ಒಡೆಯದೆ ಇದ್ದರೂ ಎಚ್‌ಐವಿ ಅವುಗಳ ನ್ಯೂಕ್ಲಿಯಸ್ ಸೇರುತ್ತದೆ. ಗೋಡೆ ಕರಗುವುದನ್ನು ಅದು ಕಾಯುವುದಿಲ್ಲ.

ರೋಗಿಗಳ ಪಾಲಿಗೆ ಇದೇ ಶಾಪ. ಗಾಡಿ ಕಟ್ಟುವವರಿಗೆ ಮಾತ್ರ ಇದರಲ್ಲೇ ಒಂದು ದಾರಿ ಕಂಡಿತು.

1996: ಸಾಲ್ಕ್ ಸಂಸ್ಥೆಯ ಇಲಿಗಳು

ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಕಟ್ಟಿದ ಸಂಸ್ಥೆ ಇದೆ. ಅಲ್ಲಿ ಇಟಲಿಯ ಲುಯಿಜಿ ನಾಲ್ಡಿನಿ, ಸ್ವಿಟ್ಜರ್ಲೆಂಡ್‌ನ ಡಿಡಿಯೆ ಟ್ರೋನೊ, ಮೆದುಳಿನ ತಜ್ಞ ಫ್ರೆಡ್ ಗೇಜ್ ಮತ್ತು ನಮ್ಮ ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ ಲಖನೌದಲ್ಲಿ ಓದಿದ ಇಂದರ್ ವರ್ಮಾ ಒಂದು ಕೆಲಸಕ್ಕೆ ಸೇರಿದರು. ವರ್ಮಾ ಹಿಂದೆ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ಕಲಿತವರು. ಚೀಟಿಯ ಉಪಾಯ ಮಾಡಿದ ಮಲ್ಲಿಗನ್ ಹೆಸರೂ ಈ ಕೆಲಸದಲ್ಲಿದೆ.

ಅವರು ಎಚ್‌ಐವಿಯನ್ನು ಮೂರು ತುಂಡು ಮಾಡಿದರು.

ಮೊದಲ ತುಂಡಿನಲ್ಲಿ ಗಾಡಿ ಕಟ್ಟುವ ಜೀನ್‌ಗಳು, ಚೀಟಿ ಇಲ್ಲದೆ.

ಎರಡನೆಯದರಲ್ಲಿ ಒಯ್ಯಬೇಕಾದ ಜೀನ್, ಚೀಟಿ ಸಮೇತ.

ಮೂರನೆಯದರಲ್ಲಿ ಹೊರ ಅಂಗಿ. ಎಚ್‌ಐವಿಯ ಸ್ವಂತ ಅಂಗಿ ಕೆಲವೇ ಜಾತಿಯ ಬಿಳಿ ರಕ್ತಕಣಗಳಿಗೆ ಅಂಟುತ್ತದೆ. ಅದನ್ನು ಬಿಚ್ಚಿ ಬೇರೆ ವೈರಸ್ಸಿನ ಅಂಗಿ ತೊಡಿಸಿದರು. ಅಮೆರಿಕ ಖಂಡದಲ್ಲಿ ದನ, ಕುದುರೆಗಳ ಬಾಯಿ ಮತ್ತು ಗೊರಸಿನ ಹತ್ತಿರ ಗುಳ್ಳೆ ಎಬ್ಬಿಸುವ ಒಂದು ವೈರಸ್ ಇದೆ. ನೋಡಲು ನಮ್ಮ ಕಾಲುಬಾಯಿ ಜ್ವರದಂತೆಯೇ ಕಾಣುವ ಬೇರೆ ರೋಗ ಅದು. ಆ ವೈರಸ್ಸಿನ ಅಂಗಿ ಬಹಳ ಗಟ್ಟಿ, ಹೆಚ್ಚುಕಮ್ಮಿ ಎಲ್ಲ ಬಗೆಯ ಕೋಶಕ್ಕೂ ಅಂಟುತ್ತದೆ. ಅದನ್ನು ಗಾಡಿಗೆ ತೊಡಿಸಬಹುದು ಎಂದು 1993ರಲ್ಲೇ ಇನ್ನೊಂದು ತಂಡ ತೋರಿಸಿತ್ತು.

ಮೂರೂ ತುಂಡನ್ನು ಒಂದು ಕೋಶಕ್ಕೆ ಹಾಕಿದಾಗ ಗಾಡಿಗಳು ಹೊರಬಂದವು. ಒಳಗೆ ಎಚ್‌ಐವಿಯ ಯಂತ್ರ, ಹೊರಗೆ ದನದ ವೈರಸ್ಸಿನ ಅಂಗಿ, ಹೇರಿದ ಮೂಟೆಯಲ್ಲಿ ವೈರಸ್ಸಿನ ಯಂತ್ರದ ಬರಹವಿಲ್ಲ. ಅವುಗಳನ್ನು ಬೆಳೆದ ಇಲಿಗಳ ಮೆದುಳಿಗೆ ಚುಚ್ಚಿದರು. ಮೂಟೆಯಲ್ಲಿ ಇದ್ದದ್ದು ಗುರುತಿನ ಜೀನ್. ಅದು ಕೆಲಸ ಮಾಡಿದರೆ ಕೋಶವನ್ನು ಕಣ್ಣಲ್ಲೇ ಗುರುತಿಸಬಹುದು. ಒಡೆಯದ ನರಕೋಶಗಳಲ್ಲೇ ಗುರುತು ಕಂಡಿತು. ಹೋಲಿಕೆಗೆಂದು ಚುಚ್ಚಿದ ಸುಂಡಿಲಿ ವೈರಸ್ಸಿನ ಗಾಡಿಯಿಂದ ಅದು ಆಗಲಿಲ್ಲ. 1996ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಬಂತು.

ಇಂಥ ಗಾಡಿಯನ್ನು ಮನುಷ್ಯನಿಗೆ ಕೊಡುತ್ತೇವೆ ಎಂದರೆ ಒಪ್ಪುವವರು ಯಾರು? ಏಡ್ಸ್‌ಗೆ ಪರಿಣಾಮಕಾರಿ ಮಿಶ್ರ ಔಷಧಗಳು ಆಗಷ್ಟೇ ಬರುತ್ತಿದ್ದ ಕಾಲ ಅದು. ಅಂಜಿಕೆಗೆ ಕಾರಣ ಇತ್ತು. ತುಂಡುಗಳೆಲ್ಲ ಮತ್ತೆ ಕೂಡಿಕೊಂಡು ಹಳೆಯ ವೈರಸ್ ಎದ್ದರೆ?

ಕಳೆಯುವ ಲೆಕ್ಕ

ಈ ಅಂಜಿಕೆಗೆ ಅವರು ಮಾತಿನಲ್ಲಿ ಸಮಾಧಾನ ಹೇಳಲು ಹೋಗಲಿಲ್ಲ. ಕತ್ತರಿ ಹಿಡಿದರು.

ಎಚ್‌ಐವಿಗೆ ಒಟ್ಟು 9 ಜೀನ್. 1997ರಲ್ಲಿ, ರೋಗ ತರಲು ಬೇಕಾದ ಆದರೆ ಗಾಡಿ ಓಡಿಸಲು ಬೇಡವಾದ ನಾಲ್ಕು ಜೀನ್ ತೆಗೆದರು. ಗಾಡಿ ಓಡಿತು. 1998ರಲ್ಲಿ ಇನ್ನೂ ತೆಗೆದರು. ಅಂಗಿಯ ಜೀನ್ ಮೊದಲೇ ಹೋಗಿತ್ತು. ಕೊನೆಗೆ ಉಳಿದದ್ದು ಮೂರೇ ಜೀನ್. ಅವನ್ನೂ ಒಂದೇ ಕಡೆ ಇಡದೆ ಹಂಚಿದರು. ಮೂರು ತುಂಡಿನ ಜಾಗದಲ್ಲಿ ನಾಲ್ಕು ತುಂಡಾಯಿತು. ಇನ್ನು ಎಲ್ಲವೂ ತಾವಾಗಿ ಕೂಡಿಕೊಂಡರೂ ಎಚ್‌ಐವಿ ಆಗಲು ಸಾಧ್ಯವಿಲ್ಲ, ಯಾಕೆಂದರೆ ಆರು ಜೀನ್ ಅಲ್ಲಿ ಇಲ್ಲವೇ ಇಲ್ಲ.

ಅದೇ ವರ್ಷ ಇನ್ನೊಂದು ಕತ್ತರಿ ಬಿತ್ತು. ವೈರಸ್ಸಿನ ಬರಹದ ಎರಡು ತುದಿಯಲ್ಲೂ ಜೀನ್ ಚಾಲೂ ಮಾಡುವ ಸ್ವಿಚ್ ಇರುತ್ತದೆ. ಕೋಶದ ಡಿಎನ್‌ಎಗೆ ಹೊಲಿದುಕೊಂಡ ಕೂಡಲೇ ಆ ಸ್ವಿಚ್ ತಾನಾಗಿ ಸಾಯುವಂತೆ ಮಾಡಿದರು. ಈ ಕೆಲಸದ ಬೆಲೆ ಎಷ್ಟು ಎಂದು ನಾಲ್ಕು ವರ್ಷದಲ್ಲಿ ಪ್ಯಾರಿಸ್‌ನಿಂದ ಗೊತ್ತಾಯಿತು.

ಪ್ಯಾರಿಸ್ ಕಲಿಸಿದ ಪಾಠ

1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ 18 ವರ್ಷದ ಯುವಕ ತೀರಿಕೊಂಡ. ಅಲ್ಲಿ ಬಳಸಿದ್ದು ಅಡೆನೋವೈರಸ್ ಎಂಬ ಬೇರೆಯೇ ಜಾತಿಯ ಗಾಡಿ. ಆದರೂ ಇಡೀ ಕ್ಷೇತ್ರದ ಮೇಲೆ ಕರಿನೆರಳು ಬಿತ್ತು.

ಮರುವರ್ಷ ಪ್ಯಾರಿಸ್‌ನ ನೆಕರ್ ಆಸ್ಪತ್ರೆಯಿಂದ ಸಂತೋಷದ ಸುದ್ದಿ ಬಂತು. ರೋಗನಿರೋಧಕ ಶಕ್ತಿ ಇಲ್ಲದೆ ಹುಟ್ಟಿದ ಗಂಡುಮಕ್ಕಳು ಸುಂಡಿಲಿ ವೈರಸ್ಸಿನ ಗಾಡಿಯಿಂದ ಚೇತರಿಸಿಕೊಂಡಿದ್ದರು. ಆದರೆ 2002ರಿಂದ ಅವರಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಶುರುವಾಯಿತು. ಲಂಡನ್ನಿನ ಇಂಥದೇ ಪ್ರಯೋಗವೂ ಸೇರಿ, ಸುಮಾರು 20 ಮಕ್ಕಳಲ್ಲಿ ಮೊದಲ ವರ್ಷಗಳಲ್ಲಿ ಐವರಿಗೆ ಹೀಗಾಯಿತು. ಒಂದು ಮಗು ಉಳಿಯಲಿಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಆ ಸ್ವಿಚ್ಚೇ. ಸುಂಡಿಲಿ ವೈರಸ್ಸಿನ ಬಲವಾದ ಸ್ವಿಚ್ ಜೀವಂತವಾಗಿತ್ತು. ಅದು ಎಲ್‌ಎಂಒ2 ಎಂಬ ಜೀನಿನ ಪಕ್ಕ ಹೋಗಿ ಕೂತು, ಮಲಗಿದ್ದ ಆ ಜೀನನ್ನು ಎಬ್ಬಿಸಿತ್ತು. ಅದು ಎದ್ದರೆ ಕೋಶ ಲಗಾಮು ತಪ್ಪಿ ಬೆಳೆಯುತ್ತದೆ. ನಮ್ಮ ಗದ್ದೆಗೆ ಬಿಟ್ಟ ನೀರು ಬದು ಒಡೆದು ಪಕ್ಕದ ಗದ್ದೆಗೆ ನುಗ್ಗಿದ ಹಾಗೆ.

ಆಗ ಜನ ಸ್ವಿಚ್ ಸಾಯಿಸಿದ ಲೆಂಟಿವೈರಸ್ ಗಾಡಿಯ ಕಡೆ ತಿರುಗಿದರು. ಹೆಸರಿನಲ್ಲಿ ಎಚ್‌ಐವಿ ಇದ್ದ ಗಾಡಿಯೇ ಹೆಚ್ಚು ಸುರಕ್ಷಿತವಾಗಿ ಕಂಡಿತು.

ಮೊದಲು ಒಪ್ಪಿದವರು

ಲೆಂಟಿವೈರಸ್ ಗಾಡಿಯನ್ನು ಮನುಷ್ಯರಲ್ಲಿ ಮೊದಲು ಪ್ರಯೋಗಿಸಿದ್ದು 2003ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ತಂಡ. ಒಪ್ಪಿದ ಐವರೂ ಎಚ್‌ಐವಿ ಇದ್ದವರೇ. ಇದ್ದ ಔಷಧಗಳು ಅವರಿಗೆ ಕೈಕೊಟ್ಟಿದ್ದವು. ಅವರದೇ ಬಿಳಿ ರಕ್ತಕಣಗಳಿಗೆ, ಎಚ್‌ಐವಿಯ ಬರಹವನ್ನೇ ತಡೆಯುವ ಒಂದು ತುಂಡು ಸೇರಿಸಿ ವಾಪಸ್ ಕೊಟ್ಟರು. ಗಾಡಿಯಿಂದ ಕೆಡುಕು ಆಗಲಿಲ್ಲ. ಮುಂದೆ ಬಂದ ಎಲ್ಲ ರೋಗಿಗಳಿಗೂ ದಾರಿ ಆದದ್ದು ಸಮಾಜ ದೂರ ಇಟ್ಟಿದ್ದ ಆ ಐವರಿಂದ.

2009ರಲ್ಲಿ ಪ್ಯಾರಿಸ್‌ನಿಂದ ಮತ್ತೊಂದು ವರದಿ. ಮೆದುಳಿನ ನರಗಳ ಹೊದಿಕೆ ಕರಗಿಸುವ, ಗಂಡುಮಕ್ಕಳಿಗೆ ಬರುವ ಎಎಲ್‌ಡಿ ಎಂಬ ವಂಶದ ರೋಗದ ಇಬ್ಬರು ಏಳು ವರ್ಷದ ಹುಡುಗರಲ್ಲಿ, ಮಜ್ಜೆಯ ಕಾಂಡಕೋಶಕ್ಕೆ ಜೀನ್ ಸೇರಿಸಿದ ಮೇಲೆ ರೋಗ ಮುಂದುವರಿಯುವುದು ನಿಂತಿತು.

ಇಲ್ಲಿ ಒಂದು ಸೋಜಿಗ ಇದೆ. 1996ರಲ್ಲಿ ಇಲಿಯ ಮೆದುಳಿಗೆ ನೇರ ಚುಚ್ಚಿದ್ದರು. ಮನುಷ್ಯರಲ್ಲಿ ಮೆದುಳಿಗೆ ದಾರಿ ಸಿಕ್ಕಿದ್ದು ರಕ್ತದ ಮೂಲಕ. ಸರಿಯಾದ ಕಾಂಡಕೋಶದ ಸಂತಾನದ ಕೆಲವು ಕೋಶಗಳು ರಕ್ತದಲ್ಲಿ ಸಾಗಿ ಮೆದುಳಲ್ಲಿ ನೆಲೆಸಿ ಅಲ್ಲಿ ಕೆಲಸ ಹಿಡಿದವು. ನಿದ್ದೆಯಲ್ಲಿರುವ ಕಾಂಡಕೋಶದ ಗೋಡೆ ದಾಟಲು ಬಂದದ್ದರಿಂದಲೇ ಇದು ಸಾಧ್ಯವಾಯಿತು. 2007ರಲ್ಲಿ ಥಲಸ್ಸೇಮಿಯಾದ 18 ವರ್ಷದ ಯುವಕನಿಗೆ ಇದೇ ಬಗೆಯ ಚಿಕಿತ್ಸೆ ಆಗಿ, ಸುಮಾರು ವರ್ಷದ ನಂತರ ಅವನಿಗೆ ರಕ್ತ ಹಾಕಿಸುವ ಅಗತ್ಯ ನಿಂತಿತು.

ಅಷ್ಟಕ್ಕೂ ಈ ವೈರಸ್ ಕಿಂಡಿ ದಾಟುವುದು ಹೇಗೆ? ಗಾಡಿ ಓಡಿಸಲು ಶುರುಮಾಡಿದಾಗ ಇದು ಸರಿಯಾಗಿ ಗೊತ್ತಿರಲೇ ಇಲ್ಲ. ವೈರಸ್ಸಿನ ಜೀನ್‌ಗಳನ್ನು ಸುತ್ತಿರುವ ಶಂಕುವಿನಾಕಾರದ ಚಿಪ್ಪೇ ಇದಕ್ಕೆ ಮುಖ್ಯ ಎಂದು 2004ರಲ್ಲಿ ಯಮಶಿತ ಮತ್ತು ಎಮರ್ಮನ್ ತೋರಿಸಿದರು. 2021ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಜ್ಞಾನಿಗಳು, ಇಡೀ ಚಿಪ್ಪು ಒಡೆಯದೆ ಕಿಂಡಿಯಲ್ಲಿ ತೂರುವುದನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದರು. ಬೀಗ ತೆಗೆದು 25 ವರ್ಷ ಆದ ಮೇಲೆ ಕೀಲಿಯ ಹಲ್ಲು ಕಂಡ ಹಾಗಾಯಿತು.

ನಮ್ಮ ಕಡೆ ಬಂದ ಗಾಡಿ

2017ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಕಿಮ್ರಿಯಾ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ರೋಗಿಯ ಬಿಳಿ ರಕ್ತಕಣಕ್ಕೆ ಲೆಂಟಿವೈರಸ್ ಗಾಡಿಯಿಂದ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವಂತೆ ಮಾಡುವುದು. ಬೆಲೆ 4,75,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 3 ಕೋಟಿ ರೂಪಾಯಿ.

ಇಂಥದೇ ಚಿಕಿತ್ಸೆಯನ್ನು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜೊತೆ ಸೇರಿ ಇಲ್ಲೇ ರೂಪಿಸಿತು. 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬಿಡುಗಡೆ ಮಾಡಿದರು. ಆಗ ಪತ್ರಿಕೆಗಳಲ್ಲಿ ಬಂದ ಬೆಲೆ 30ರಿಂದ 40 ಲಕ್ಷ ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ತನ್ನದನ್ನು ತಂದಿತು.

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಅಲೋಕ್ ಶ್ರೀವಾಸ್ತವ ತಂಡ ಹಿಮೋಫಿಲಿಯಾಕ್ಕೆ ಇದೇ ಗಾಡಿ ಬಳಸಿತು. ಗಾಯವಾದರೆ ರಕ್ತ ನಿಲ್ಲದ, ಗಂಟುಗಳಲ್ಲಿ ರಕ್ತ ತುಂಬಿ ಕಾಲು ಮಡಚಲಾಗದ ರೋಗ ಅದು. 22ರಿಂದ 41 ವರ್ಷದ ಐವರ ಕಾಂಡಕೋಶ ಸರಿಮಾಡಿ ವಾಪಸ್ ಕೊಟ್ಟ ಮೇಲೆ, ವರದಿ ಬರೆಯುವವರೆಗೂ ಅವರಲ್ಲಿ ಯಾರಿಗೂ ರಕ್ತಸ್ರಾವದ ತೊಂದರೆ ಮರುಕಳಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ವರದಿ ಪ್ರಕಟವಾಯಿತು.

ಇನ್ನು ಸಿಕಲ್ ಸೆಲ್. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಮೈಯೆಲ್ಲ ನೋವು ತರುವ ರೋಗ. ಭಾರತದಲ್ಲಿ ಇದನ್ನು 1952ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು ಕಡೆಯ ಕಾಡಂಚಿನ ಹಾಡಿಗಳಲ್ಲೂ ಇದು ಇದೆ. ಈ ರೋಗಕ್ಕೆ ಲೆಂಟಿವೈರಸ್ ಗಾಡಿಯ ಚಿಕಿತ್ಸೆಯೊಂದಕ್ಕೆ ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ 31 ಲಕ್ಷ ಡಾಲರ್. ನಮ್ಮ ದುಡ್ಡಿನಲ್ಲಿ 25 ಕೋಟಿಗೂ ಹೆಚ್ಚು.

ಕೋಶದ ಗೋಡೆ ದಾಟಲು ವಿಜ್ಞಾನಿಗಳು ಕಿಂಡಿ ಹುಡುಕಿದರು. ಈ ಬೆಲೆಯ ಗೋಡೆಗೆ ಇನ್ನೂ ಕಿಂಡಿ ಸಿಕ್ಕಿಲ್ಲ. ಮುಂಬೈ ಮತ್ತು ವೆಲ್ಲೂರಿನ ಕೆಲಸ ನಮಗೆ ಮುಖ್ಯವಾಗುವುದು ಇಲ್ಲೇ.

ಒಪ್ಪಿಗೆ ಪತ್ರ ಕೈಗೆ ಬಂದರೆ

ಈ ಇತಿಹಾಸ ಗೊತ್ತಿದ್ದರೆ ಕೆಲವು ಮಾತು ಸುಲಭವಾಗಿ ಅರ್ಥವಾಗುತ್ತವೆ.

ಒಂದು, ಈ ಗಾಡಿಯಿಂದ ಏಡ್ಸ್ ಬರುವುದಿಲ್ಲ. ಎಚ್‌ಐವಿಯ ಬಹುಪಾಲು ಜೀನ್ ಇಲ್ಲಿ ಇಲ್ಲ, ಉಳಿದವು ಮೂಟೆಯಲ್ಲಿ ಹೋಗುವುದಿಲ್ಲ. ತಾನಾಗಿ ಬೆಳೆಯುವ ವೈರಸ್ ಹುಟ್ಟಿಲ್ಲ ಎಂದು ತಯಾರಿಯ ಹಂತದಲ್ಲೇ ಪರೀಕ್ಷೆ ಮಾಡುತ್ತಾರೆ.

ಎರಡು, ಚಿಕಿತ್ಸೆ ಆದವರಿಗೆ ಎಚ್‌ಐವಿಯ ಜೀನ್ ಅಂಶ ಹುಡುಕುವ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ತಪ್ಪಾಗಿ 'ಪಾಸಿಟಿವ್' ಬರಬಹುದು. ಗಾಡಿಯ ಒಂದು ಸಣ್ಣ ತುಂಡು ಬರಹ ಕೋಶದಲ್ಲಿ ಉಳಿದಿರುತ್ತದೆ, ಪರೀಕ್ಷೆ ಅದನ್ನು ನೋಡಿ ಮೋಸ ಹೋಗುತ್ತದೆ. ಆದ್ದರಿಂದ ಚಿಕಿತ್ಸೆಯ ಕಾಗದವನ್ನು ಜೋಪಾನವಾಗಿಟ್ಟು, ಬೇರೆ ಯಾವ ಆಸ್ಪತ್ರೆಗೆ ಹೋದರೂ ಮೊದಲೇ ಹೇಳಬೇಕು. ಒಂದು ತಪ್ಪು ರಿಪೋರ್ಟ್ ಊರಲ್ಲಿ ಏನು ಮಾಡಬಲ್ಲದು ಎಂದು ನಾವು ಬಿಡಿಸಿ ಹೇಳಬೇಕಿಲ್ಲ.

ಮೂರು, ಅಪಾಯ ಪೂರ್ತಿ ಹೋಗಿಲ್ಲ. ಮಜ್ಜೆಯ ಚಿಕಿತ್ಸೆಯಲ್ಲಿ ಸರಿಮಾಡಿದ ಕೋಶಗಳಿಗೆ ಜಾಗ ಮಾಡಲು ಮೊದಲು ಬಲವಾದ ಕೀಮೋ ಕೊಡುತ್ತಾರೆ. ಅದರ ಕಷ್ಟ ಬೇರೆಯೇ ಇದೆ. ಎಎಲ್‌ಡಿಗೆ ಬಂದ ಲೆಂಟಿವೈರಸ್ ಚಿಕಿತ್ಸೆಯೊಂದನ್ನು ಪಡೆದ 67 ಮಕ್ಕಳಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂತೆಂದು 2024ರಲ್ಲಿ ವರದಿಯಾಯಿತು. ಆ ಗಾಡಿಯ ತುದಿಯ ಸ್ವಿಚ್ ಸತ್ತಿತ್ತು, ಆದರೆ ಒಳಗೆ ಹಾಕಿದ್ದ ಸ್ವಿಚ್ ಬಲವಾಗಿತ್ತು. ಪ್ಯಾರಿಸ್‌ನ ಪಾಠ ಇನ್ನೂ ಮುಗಿದಿಲ್ಲ. ಅದಕ್ಕೇ ಡಿಎನ್‌ಎಗೆ ಹೊಲಿದುಕೊಳ್ಳುವ ಇಂಥ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸಬೇಕು ಎಂದು ಅಮೆರಿಕದ ಔಷಧ ನಿಯಂತ್ರಕರು ಹೇಳುತ್ತಾರೆ.

ಹಾಗಾಗಿ ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆಗಳು ಇವು: ಗಾಡಿ ಯಾವ ವೈರಸ್ಸಿನದು? ಒಳಗಿನ ಸ್ವಿಚ್ ಯಾವುದು? ಇದೇ ಚಿಕಿತ್ಸೆ ಪಡೆದವರನ್ನು ಎಷ್ಟು ವರ್ಷದಿಂದ ನೋಡುತ್ತಿದ್ದೀರಿ? ಮುಂದಿನ ತಪಾಸಣೆಗೆ ಊರಿಂದ ಬಂದು ಹೋಗುವ ಖರ್ಚು ಯಾರದು? ಇವನ್ನು ಕೇಳಲು ಇಂಗ್ಲಿಷ್ ಬೇಕಿಲ್ಲ. ಕನ್ನಡದಲ್ಲೇ ಕೇಳಬಹುದು, ಉತ್ತರ ತಿಳಿಯುವವರೆಗೂ ಸಹಿ ಹಾಕದೆ ಇರಬಹುದು.